ಬೀಗ ಅವರದು, ಬಿಟ್ಟಿ ಚಾಕರಿ ನಮ್ಮದು

ಕಳೆದ ಮಳೆಗಾಲದ ಒಂದು ಸಂಜೆ, ನನಗೆ ಕಾಲೇಜಿನಲ್ಲಿ ಕನ್ನಡ ಕಲಿಸಿದ ಮೇಡಂ ಫೋನ್ ಮಾಡಿದರು. "ಏನಪ್ಪಾ, ಬಿಡುವಾಗಿದ್ದೀಯಾ? ನಮ್ಮ ಹೊಸ ಸ್ಕ್ಯಾನರ್ 'ಲೈಬ್ರರಿ ಸಿಗ್ತಿಲ್ಲ' ಅಂತಿದೆ ನೋಡು. ನಾನು ಲೈಬ್ರರಿಯಲ್ಲೇ ಕೂತಿದೀನಿ ಮಾರಾಯ!"

ನಗು ಬಂತು. ಆದರೆ ವಿಷಯ ನಗುವಂಥದ್ದಾಗಿರಲಿಲ್ಲ. ಅವರ ಊರಿನ ಹಳೆಯ ಮನೆತನವೊಂದು ಅಟ್ಟದ ಮೇಲಿದ್ದ ಹಳೆಯ ಕನ್ನಡ ಪತ್ರಿಕೆಗಳ ಹದಿನಾಲ್ಕು ಬೈಂಡುಗಳನ್ನು ಕಾಲೇಜಿಗೆ ಎರವಲು ಕೊಟ್ಟಿತ್ತು. ಹದಿನೈದು ದಿನ ಇಟ್ಟುಕೊಂಡು, ಸ್ಕ್ಯಾನ್ ಮಾಡಿ, ಜೋಪಾನವಾಗಿ ಮರಳಿಸಬೇಕು ಎಂಬ ಕರಾರು. ಪುಟ ತಿರುಗಿಸಿದರೆ ಅಂಚು ಉದುರುವ ಕಾಗದ ಅದು. ಇನ್ನೊಂದು ಮಳೆಗಾಲ ಅಟ್ಟದ ಮೇಲೆ ಕಳೆದರೆ ಅದರಲ್ಲಿ ಎಷ್ಟು ಉಳಿಯುತ್ತದೋ ಹೇಳಲಾಗದು. ಹದಿನೈದರಲ್ಲಿ ನಾಲ್ಕು ದಿನ ಆಗಲೇ ಕಳೆದಿದ್ದವು. ಸ್ಕ್ಯಾನರ್ ಪೆಟ್ಟಿಗೆಯ ಮೇಲೆ 'ಲಿನಕ್ಸ್‌ನಲ್ಲೂ ನಡೆಯುತ್ತದೆ' ಎಂದು ಮುದ್ರಿಸಿತ್ತು. ಕಾಲೇಜಿನ ಲ್ಯಾಬಿನ ಯಂತ್ರಗಳೆಲ್ಲ ಉಬುಂಟುವಿನಲ್ಲಿ ನಡೆಯುವುದರಿಂದ ಅದನ್ನು ನಂಬಿಯೇ ಕೊಂಡಿದ್ದರು. ಯಂತ್ರ ಬಂತು, ತಂತ್ರಾಂಶ ಸ್ಥಾಪಿಸಿದ್ದೂ ಆಯಿತು, ಐಕಾನ್ ಒತ್ತಿದರೆ ಏನೂ ಆಗಲಿಲ್ಲ. ಟರ್ಮಿನಲ್‌ನಲ್ಲಿ ಓಡಿಸಿ ನೋಡಿದ ಲ್ಯಾಬ್ ಹುಡುಗನಿಗೆ ಒಂದೇ ಸಾಲಿನ ಉತ್ತರ ಸಿಕ್ಕಿತ್ತು: ಹಂಚಿಕೆಯ ಲೈಬ್ರರಿಯನ್ನು ತೆರೆಯಲಾಗಲಿಲ್ಲ, ಅಂಥ ಕಡತವೇ ಇಲ್ಲ.

ಕಡತ ಇತ್ತು. ಅದೇ ಯಂತ್ರದಲ್ಲಿ, ಆ ತಂತ್ರಾಂಶ ತಾನೇ ಹೊತ್ತು ತಂದ ಫೋಲ್ಡರಿನಲ್ಲೇ ಇತ್ತು. ಪಕ್ಕದ ಕೋಣೆಯಲ್ಲಿರುವುದನ್ನು ಕಾಣದೆ ಅದು ಎಲ್ಲಿ ಹುಡುಕುತ್ತಿತ್ತು ಎಂಬುದೇ ಈ ಬರಹದ ಕಥೆ. ಕಥೆಗಿಂತ ಹೆಚ್ಚಾಗಿ ಇದು ನನ್ನ ತಕರಾರು.

ಕಂಪ್ಯೂಟರಿನ ಒಳಗಿನ 'ಲೈಬ್ರರಿ' ಏನೆಂದು ಮೊದಲು ಹೇಳಿಬಿಡುತ್ತೇನೆ, ಸಾಹಿತ್ಯದ ವಿದ್ಯಾರ್ಥಿಗಳು ಇಲ್ಲೇ ಪುಟ ಮುಚ್ಚಬಾರದು. ಒಂದು ಚಿತ್ರವನ್ನು ಪರದೆಯ ಮೇಲೆ ಮೂಡಿಸುವುದು, ಅಕ್ಷರ ಜೋಡಿಸುವುದು, ಅಂತರ್ಜಾಲದಲ್ಲಿ ಗುಟ್ಟಾಗಿ ಮಾತಾಡುವುದು, ಇಂಥ ಕೆಲಸಗಳು ಎಲ್ಲ ತಂತ್ರಾಂಶಗಳಿಗೂ ಬೇಕು. ಪ್ರತಿಯೊಬ್ಬರೂ ಅದನ್ನು ಹೊಸದಾಗಿ ಬರೆಯುವ ಬದಲು ಒಬ್ಬರು ಬರೆದದ್ದನ್ನು ಒಂದು ಕಡೆ ಇಟ್ಟು ಎಲ್ಲರೂ ಎರವಲು ಪಡೆಯುತ್ತಾರೆ. ಆ ಸಂಗ್ರಹಕ್ಕೆ ಲೈಬ್ರರಿ ಎನ್ನುತ್ತಾರೆ. ತಂತ್ರಾಂಶವೊಂದು ಶುರುವಾಗುವಾಗ ಲೋಡರ್ ಎಂಬ ಪುಟ್ಟ ಪರಿಚಾರಕ ಎದ್ದು, ಅದರ ಕೈಯಲ್ಲಿರುವ ಚೀಟಿ ನೋಡುತ್ತಾನೆ. ಚೀಟಿಯಲ್ಲಿ ಬೇಕಾದ ಲೈಬ್ರರಿಗಳ ಹೆಸರುಗಳಿರುತ್ತವೆ. ಹುಡುಕುವುದಕ್ಕೆ ಅವನಿಗೊಂದು ಕ್ರಮವಿದೆ. ತಂತ್ರಾಂಶದ ಒಳಗೇ ಕೆತ್ತಿಟ್ಟ ದಾರಿ ಮೊದಲು, ಇದಕ್ಕೆ ಆರ್‌ಪಾತ್ ಎಂದು ಹೆಸರು. ಆಮೇಲೆ ಬಳಕೆದಾರ ಹೊರಗಿನಿಂದ ಹೇಳಿಕೊಟ್ಟ ದಾರಿ, ಅದು 'ಎಲ್‌ಡಿ ಲೈಬ್ರರಿ ಪಾತ್'. ಆರ್‌ಪಾತ್‌ನ ಹೊಸ ರೂಪವಾದ ರನ್‌ಪಾತ್ ಇದ್ದರೆ ಅದರ ಸರದಿ ಈ ಹೊರಗಿನ ದಾರಿಯ ನಂತರ. ಕೊನೆಗೆ ವ್ಯವಸ್ಥೆಯ ಸಾಮಾನ್ಯ ಕಪಾಟುಗಳು.

ಗ್ರಂಥಾಲಯ ವಿಜ್ಞಾನಕ್ಕೆ 1931ರಲ್ಲಿ ಐದು ಸೂತ್ರಗಳನ್ನು ಕೊಟ್ಟ ಎಸ್. ಆರ್. ರಂಗನಾಥನ್ ಅವರು 1962ರಲ್ಲಿ ನಮ್ಮ ಬೆಂಗಳೂರಿನಲ್ಲೇ ದಾಖಲೀಕರಣದ ತರಬೇತಿ ಕೇಂದ್ರ ಕಟ್ಟಿದವರು. ಓದುಗನ ಸಮಯವನ್ನು ಉಳಿಸಬೇಕು ಎಂಬುದು ಆ ಐದರಲ್ಲಿ ಒಂದು. ಮೇಡಂ ಮತ್ತು ನಾನು ಆ ವಾರ ಕಳೆದುಕೊಂಡ ಸಮಯವನ್ನು ನೆನೆದಾಗಲೆಲ್ಲ ನನಗೆ ಆ ಸೂತ್ರ ನೆನಪಾಗುತ್ತದೆ.

ಆ ಸ್ಕ್ಯಾನರ್ ತಂತ್ರಾಂಶದ ಆರ್‌ಪಾತ್ ಏನೆಂದು ಫೋನಿನಲ್ಲೇ ಹೇಳಿಕೊಟ್ಟು ತೆಗೆಸಿದೆ. ಲ್ಯಾಬ್ ಹುಡುಗ ಅಕ್ಷರ ಅಕ್ಷರ ಓದಿದ. ಅದು ಯಾರದೋ ಹೋಮ್ ಫೋಲ್ಡರಿನ ವಿಳಾಸ! ಯಾವುದೋ ದೇಶದ, ಯಾವುದೋ ಕಚೇರಿಯ ಎಂಜಿನಿಯರ್ ಒಬ್ಬ ತನ್ನ ಯಂತ್ರದಲ್ಲಿ ಈ ತಂತ್ರಾಂಶ ಕಟ್ಟಿದ್ದ. ಅವನ ಹೆಸರಿನ ಫೋಲ್ಡರ್, ಅದರೊಳಗೆ 'ಬಿಲ್ಡ್', ಅದರೊಳಗೆ 'ಲಿಬ್'. ಅವನ ಯಂತ್ರದಲ್ಲಿ ಎಲ್ಲ ಸರಿಯಾಗಿತ್ತು, ಏಕೆಂದರೆ ಅವನ ಮನೆ ಅಲ್ಲೇ ಇತ್ತು. ಆ ವಿಳಾಸವನ್ನು ಅಳಿಸದೆ ಪೊಟ್ಟಣ ಕಟ್ಟಿ ಜಗತ್ತಿಗೆಲ್ಲ ಕಳಿಸಿದರು. ಕರ್ನಾಟಕದ ಜಿಲ್ಲಾ ಕೇಂದ್ರವೊಂದರ ಕಾಲೇಜಿನಲ್ಲಿ ಕುಳಿತ ಯಂತ್ರ, ಎಂದೂ ಕಾಣದ ಆ ಮನುಷ್ಯನ ಮನೆ ಬಾಗಿಲನ್ನು ಹುಡುಕುತ್ತಿತ್ತು.

ಇದು ಅಪರೂಪದ ತಪ್ಪೇನಲ್ಲ. ಈ ಕೆಲಸದಲ್ಲಿರುವವರು ಒಮ್ಮೆಯಾದರೂ ಕಂಡಿರುತ್ತಾರೆ. ಇದರಲ್ಲಿ ಅಪಾಯವೂ ಇದೆ. ಹಲವರು ಬಳಸುವ ಯಂತ್ರದಲ್ಲಿ ಯಾರಾದರೂ ಅದೇ ಹೆಸರಿನ ಫೋಲ್ಡರ್ ಸೃಷ್ಟಿಸಲು ಸಾಧ್ಯವಾದರೆ, ತನಗೆ ಬೇಕಾದ ಸಂಕೇತವನ್ನು ಅಲ್ಲಿ ಇಟ್ಟು ಇನ್ನೊಬ್ಬರ ಕೈಯಲ್ಲಿ ಓಡಿಸಬಹುದು. ಡೆಬಿಯನ್‌ನಂಥ ವಿತರಣೆಗಳು ಪೊಟ್ಟಣಗಳನ್ನು ಪರೀಕ್ಷಿಸುವಾಗ ಇಂಥ ದಾರಿಗಳನ್ನು ದೋಷವೆಂದು ಎತ್ತಿ ತೋರಿಸುವುದು ಸುಮ್ಮನೆ ಅಲ್ಲ.

ಮೊದಲ ಉಪಾಯ ಎಲ್ಲರಿಗೂ ಗೊತ್ತಿರುವುದೇ. 'ಎಲ್‌ಡಿ ಲೈಬ್ರರಿ ಪಾತ್'ನಲ್ಲಿ ಸರಿಯಾದ ಫೋಲ್ಡರಿನ ವಿಳಾಸ ಕೊಟ್ಟು ಓಡಿಸಿದೆವು. ತಂತ್ರಾಂಶ ತೆರೆಯಿತು. ಮೇಡಂ ಫೋನಿನಲ್ಲೇ "ಬಂತು, ಬಂತು!" ಎಂದರು. ಮೊದಲ ಪುಟ ಸ್ಕ್ಯಾನ್ ಆಯಿತು. ಪಿಡಿಎಫ್ ಮಾಡಿ 'ನೋಡಿ' ಎಂಬ ಗುಂಡಿ ಒತ್ತಿದರೆ ಪಿಡಿಎಫ್ ತೋರಿಸುವ ತಂತ್ರಾಂಶ ತೆರೆಯಲೇ ಇಲ್ಲ. ಬೇರೆ ಸಮಯದಲ್ಲಿ ಚೆನ್ನಾಗಿಯೇ ನಡೆಯುತ್ತಿದ್ದದ್ದು ಈಗ ಸತ್ತುಬಿದ್ದಿತು.

ಕಾರಣ ಇಷ್ಟೇ. ಹೀಗೆ ಹೊರಗಿನಿಂದ ಹೇಳಿಕೊಟ್ಟ ದಾರಿ ಆ ಒಂದು ತಂತ್ರಾಂಶದಲ್ಲೇ ನಿಲ್ಲುವುದಿಲ್ಲ. ಅದು ಹೆತ್ತ ಮಕ್ಕಳಿಗೂ, ಅಂದರೆ ಅದು ಶುರುಮಾಡುವ ಬೇರೆ ತಂತ್ರಾಂಶಗಳಿಗೂ, ಬಳುವಳಿಯಾಗಿ ಹೋಗುತ್ತದೆ. ಕಂಪನಿಯ ಫೋಲ್ಡರಿನಲ್ಲಿ ಸಿ ಪ್ಲಸ್ ಪ್ಲಸ್ ಭಾಷೆಯ ಮೂಲ ಲೈಬ್ರರಿಯ ಹಳೆಯ ಪ್ರತಿಯೊಂದಿತ್ತು. ಪಿಡಿಎಫ್ ತೋರಿಸುವ ಬಡಪಾಯಿ ತಂತ್ರಾಂಶ ತನ್ನ ಹೊಸ ಲೈಬ್ರರಿಯ ಬದಲು ಈ ಹಳೆಯದನ್ನು ಎತ್ತಿಕೊಂಡು, ತನಗೆ ಬೇಕಾದದ್ದು ಅದರಲ್ಲಿ ಇಲ್ಲದೆ ನಿಂತುಹೋಯಿತು. ಈ ಉಪಾಯಕ್ಕೆ ಇನ್ನೊಂದು ಕೇಡೂ ಇದೆ. ದಾರಿಗಳನ್ನು ಕೋಲನ್ ಚಿಹ್ನೆಯಿಂದ ಬೇರ್ಪಡಿಸಿ ಬರೆಯುತ್ತಾರೆ. ಕೊನೆಯಲ್ಲಿ ಒಂದು ಕೋಲನ್ ಹೆಚ್ಚಾಗಿ ಉಳಿದರೆ, 'ಈಗ ನಿಂತಿರುವ ಫೋಲ್ಡರಿನಲ್ಲೂ ಹುಡುಕು' ಎಂದು ಅರ್ಥವಾಗಿಬಿಡುತ್ತದೆ. 2010ರಲ್ಲಿ ಡೆಬಿಯನ್‌ನಲ್ಲಿ ಈ ಒಂದೇ ಬಗೆಯ ತಪ್ಪು ಹಲವಾರು ಪೊಟ್ಟಣಗಳ ಚಾಲನಾ ಸ್ಕ್ರಿಪ್ಟುಗಳಲ್ಲಿ ಸಿಕ್ಕಿ, ಒಂದೊಂದಕ್ಕೂ ಭದ್ರತಾ ದೋಷದ ಸಂಖ್ಯೆ ಕೊಡಬೇಕಾಯಿತು. ಅವು ಮುಕ್ತ ತಂತ್ರಾಂಶಗಳಾದ್ದರಿಂದ ಯಾರೋ ಓದಿದರು, ಕಂಡರು, ತಿದ್ದಿದರು.

ಸರಿಯಾದ ಮದ್ದು ಬೇರೆ. ತಂತ್ರಾಂಶದ ಒಳಗೆ ಕೆತ್ತಿದ ವಿಳಾಸವನ್ನೇ ತಿದ್ದಬೇಕು. ಅದಕ್ಕೆ ಪ್ಯಾಚ್‌ಎಲ್ಫ್ ಎಂಬ ಸಣ್ಣ ಸಲಕರಣೆ ಇದೆ, ನಿಕ್ಸ್‌ಒಎಸ್ ಯೋಜನೆಯವರು ಮಾಡಿದ್ದು. ಆ ವ್ಯವಸ್ಥೆಯಲ್ಲಿ ಸಾಮಾನ್ಯ ಲೈಬ್ರರಿಗಳ ಕಪಾಟು ಎಲ್ಲರೂ ನಿರೀಕ್ಷಿಸುವ ಜಾಗದಲ್ಲಿ ಇರುವುದೇ ಇಲ್ಲ. ಆದ್ದರಿಂದ ಹೊರಗಿನಿಂದ ಬಂದ ಮುಚ್ಚಿದ ತಂತ್ರಾಂಶಗಳಿಗೆಲ್ಲ ಹೀಗೆ ವಿಳಾಸ ತಿದ್ದುವುದು ಅವರಿಗೆ ನಿತ್ಯದ ಕೆಲಸ. 'ನಾನು ಎಲ್ಲಿದ್ದೇನೋ ಅಲ್ಲಿಂದ ಒಂದು ಮೆಟ್ಟಿಲು ಮೇಲೆ ಹೋಗಿ ಲಿಬ್ ಫೋಲ್ಡರಿನಲ್ಲಿ ನೋಡು' ಎಂದು ಬರೆಯುವ ವಿಧಾನವಿದೆ, 'ಒರಿಜಿನ್' ಎಂಬ ಗುರುತು ಬಳಸಿ. ಹಾಗೆ ಬರೆದರೆ ಫೋಲ್ಡರನ್ನು ಎಲ್ಲಿಗೆ ಸಾಗಿಸಿದರೂ ದಾರಿ ತಪ್ಪುವುದಿಲ್ಲ. ಅದನ್ನೇ ಬರೆದೆವು. ಮತ್ತೆ ಕೆಟ್ಟಿತು. ಪ್ಯಾಚ್‌ಎಲ್ಫ್ ತಾನಾಗಿ ಬರೆಯುವುದು ರನ್‌ಪಾತ್ ರೂಪದಲ್ಲಿ. ರನ್‌ಪಾತ್ ತನ್ನ ನೇರ ಅವಲಂಬನೆಗಳಿಗೆ ಮಾತ್ರ ದಾರಿ ತೋರಿಸುತ್ತದೆ, ಆ ಲೈಬ್ರರಿಗಳಿಗೆ ಬೇಕಾದ ಲೈಬ್ರರಿಗಳಿಗೆ ತೋರಿಸುವುದಿಲ್ಲ. ಆದ್ದರಿಂದ ಫೋಲ್ಡರಿನಲ್ಲಿದ್ದ ಹನ್ನೊಂದು ಕಡತಗಳಿಗೂ ಒಂದೊಂದಾಗಿ ವಿಳಾಸ ಬರೆದೆವು. ಹಳೆಯ ಸಿ ಪ್ಲಸ್ ಪ್ಲಸ್ ಲೈಬ್ರರಿಯನ್ನು ಪಕ್ಕಕ್ಕೆ ಸರಿಸಿದೆವು, ವ್ಯವಸ್ಥೆಯಲ್ಲಿರುವ ಹೊಸದು ಹಳೆಯದರ ಕೆಲಸವನ್ನೂ ಮಾಡುತ್ತದೆ. ಎರಡನೆಯ ರಾತ್ರಿ ಹನ್ನೊಂದಕ್ಕೆ ಎಲ್ಲ ಸರಿಯಾಯಿತು. ಹದಿನೈದರಲ್ಲಿ ಆರು ದಿನ ಹೋಗಿತ್ತು.

ನಿಜ ಹೇಳಬೇಕೆಂದರೆ ಆ ರಾತ್ರಿ ನನಗೆ ಬಲು ಹೆಮ್ಮೆಯಾಗಿತ್ತು. ಮೇಡಂ "ನಿನ್ನಂಥ ಶಿಷ್ಯರಿದ್ದರೆ ಸಾಕಪ್ಪಾ" ಎಂದಿದ್ದರು. ಎದೆಯುಬ್ಬಿಸಿಕೊಂಡೇ ಮಲಗಿದೆ.

ಮರುದಿನ ಅವರದೇ ಫೋನು. "ಪಕ್ಕದ ತಾಲೂಕಿನ ಕಾಲೇಜಿನವರೂ ಇದೇ ಸ್ಕ್ಯಾನರ್ ತಗೊಂಡಿದಾರಂತೆ. ಅವರದ್ದೂ ಹೀಗೇ ಆಗಿ ಮೂಲೆಗೆ ಬಿದ್ದಿದೆಯಂತೆ. ನೀನು ಸರಿಮಾಡಿದ್ದನ್ನೇ ಪೆನ್‌ಡ್ರೈವಿಗೆ ಹಾಕಿ ಕೊಡ್ಲಾ?"

ಲೈಸೆನ್ಸ್ ತೆಗೆದು ಓದಿದೆ. ಮಾರ್ಪಡಿಸಬಾರದು. ಬಿಡಿಸಿ ನೋಡಬಾರದು. ಯಾವ ರೂಪದಲ್ಲೂ ಮರುಹಂಚಬಾರದು. "ಬೇಡ ಮೇಡಂ" ಎಂದೆ. ಅವರು ಸುಮ್ಮನಾದರು. ಆಮೇಲೆ ಮೆಲ್ಲಗೆ ಕೇಳಿದರು, "ಹಾಗಾದ್ರೆ ಅವರೂ ಎರಡು ರಾತ್ರಿ ಕೂರಬೇಕಾ?"

ನನ್ನ ಹೆಮ್ಮೆ ಇಳಿದದ್ದು ಆ ಪ್ರಶ್ನೆಗೆ. ಈ ಬರಹವನ್ನು ಬರೆಸಿದ್ದೂ ಅದೇ ಪ್ರಶ್ನೆ.

ತಂತ್ರಾಂಶ ಕೆಡುವುದನ್ನು ನಾನು ಅನ್ಯಾಯವೆನ್ನುವುದಿಲ್ಲ. ಕೆಡದ ವಸ್ತು ಯಾವುದಿದೆ? ಎತ್ತಿನಗಾಡಿಯ ಅಚ್ಚೂ ಮುರಿಯುತ್ತದೆ. ಆದರೆ ಅಚ್ಚು ಮುರಿದಾಗ ಬಡಗಿ ಸರಿಮಾಡುತ್ತಾನೆ, ಸರಿಮಾಡುವ ಬಗೆಯನ್ನು ಪಕ್ಕದೂರಿನ ಬಡಗಿಯೂ ನೋಡಿ ಕಲಿಯುತ್ತಾನೆ. ಮುಚ್ಚಿದ ತಂತ್ರಾಂಶದಲ್ಲಿ ಒಬ್ಬ ಸರಿಮಾಡಿದ್ದು ಅವನೊಬ್ಬನಿಗೇ. ಮುಂದಿನವನು ಮೊದಲಿನಿಂದ ಶುರುಮಾಡಬೇಕು. ಒಂದೇ ತಪ್ಪನ್ನು, ಒಂದೇ ಬಗೆಯಲ್ಲಿ, ಸಾವಿರ ಜನ ಸಾವಿರ ಸಲ ತಿದ್ದಬೇಕು. ರಿಪೇರಿ ಮಾಡಬೇಕಾಗಿ ಬಂದದ್ದಕ್ಕೆ ನನಗೆ ಸಿಟ್ಟಿಲ್ಲ. ಮಾಡಿದ ರಿಪೇರಿಯನ್ನು ಹಂಚಿಕೊಳ್ಳಲು ಬಿಡುವುದಿಲ್ಲವಲ್ಲ, ಅದಕ್ಕೆ ಸಿಟ್ಟು.

ಮುಕ್ತ ವ್ಯವಸ್ಥೆಗಳಲ್ಲಿ ಪೊಟ್ಟಣ ಕಟ್ಟುವ ಸ್ವಯಂಸೇವಕರನ್ನು ನೋಡಿ. ಆರ್ಚ್ ಲಿನಕ್ಸ್‌ನ ಬಳಕೆದಾರರು ಒಟ್ಟುಗೂಡಿಸಿದ ಭಂಡಾರದಲ್ಲಿ ಮುಚ್ಚಿದ ತಂತ್ರಾಂಶಗಳ ಪ್ರತಿ ಇಡುವಂತಿಲ್ಲ, ಅವನ್ನು ಸರಿಪಡಿಸುವ ವಿಧಾನವನ್ನು ಮಾತ್ರ ಇಡುತ್ತಾರೆ. ಕಂಪನಿಯ ತಾಣದಿಂದ ನೀವೇ ಇಳಿಸಿಕೊಳ್ಳಬೇಕು, ನಿಮ್ಮ ಯಂತ್ರದಲ್ಲೇ ಬಿಚ್ಚಬೇಕು, ದಾರಿ ತಿದ್ದಬೇಕು, ಮತ್ತೆ ಕಟ್ಟಬೇಕು. ನಿಕ್ಸ್‌ನಲ್ಲಿ ಮುಕ್ತ ತಂತ್ರಾಂಶಗಳನ್ನು ಯೋಜನೆಯ ಯಂತ್ರಗಳೇ ಒಮ್ಮೆ ಕಟ್ಟಿ ಎಲ್ಲರಿಗೂ ಹಂಚುತ್ತವೆ, ಮುಚ್ಚಿದವುಗಳನ್ನು ಸಾಮಾನ್ಯವಾಗಿ ಬಳಕೆದಾರರ ಯಂತ್ರದಲ್ಲೇ ತಿದ್ದಬೇಕು. ಡೆಬಿಯನ್ ಇಂಥವಕ್ಕೆ 'ನಾನ್-ಫ್ರೀ' ಎಂಬ ಪ್ರತ್ಯೇಕ ಜಾಗ ಇಟ್ಟಿದೆ. ಅದು ಡೆಬಿಯನ್ ವ್ಯವಸ್ಥೆಯ ಭಾಗವಲ್ಲ ಎಂದು 1997ರ ತನ್ನ ಸಾಮಾಜಿಕ ಒಪ್ಪಂದದಲ್ಲೇ ಹೇಳಿಕೊಂಡಿದ್ದರೂ, ಬಳಕೆದಾರರ ಮೇಲಿನ ಕಾಳಜಿಯಿಂದ ಅದಕ್ಕೂ ಜಾಗ ಮತ್ತು ಸಮಯ ಕೊಡುತ್ತಾ ಬಂದಿದೆ. ಅಡುಗೆ ಬಡಿಸುವಂತಿಲ್ಲ, ಅಡುಗೆಯ ವಿಧಾನ ಬರೆದುಕೊಡಬಹುದು. ಹಸಿದವರೆಲ್ಲ ತಮ್ಮ ತಮ್ಮ ಒಲೆ ತಾವೇ ಹಚ್ಚಿಕೊಳ್ಳಬೇಕು. ಇಷ್ಟೆಲ್ಲ ಮಾಡಿದ ಸ್ವಯಂಸೇವಕನಿಗೆ ಕಂಪನಿ ಸಂಬಳ ಕೊಡುವುದಿಲ್ಲ. ಮುಂದಿನ ಆವೃತ್ತಿಯಲ್ಲಿ ಫೋಲ್ಡರಿನ ಹೆಸರು ಬದಲಿಸುವಾಗ ಅವನಿಗೊಂದು ಮಾತೂ ಹೇಳುವುದಿಲ್ಲ.

ಇದು ಹೊಸ ಕಥೆಯೂ ಅಲ್ಲ. 1980ರ ಸುಮಾರಿಗೆ ಅಮೆರಿಕದ ಎಂಐಟಿಯ ಪ್ರಯೋಗಾಲಯಕ್ಕೆ ಒಂದು ಹೊಸ ಲೇಸರ್ ಪ್ರಿಂಟರ್ ಬಂತು. ಕಾಗದ ಸಿಕ್ಕಿಕೊಂಡರೆ ಬಳಕೆದಾರರಿಗೆ ಸುದ್ದಿ ಮುಟ್ಟಿಸುವ ಏರ್ಪಾಟನ್ನು ಹಳೆಯ ಪ್ರಿಂಟರಿಗೆ ರಿಚರ್ಡ್ ಸ್ಟಾಲ್‌ಮನ್ ಮಾಡಿದ್ದರು. ಹೊಸದಕ್ಕೂ ಮಾಡೋಣವೆಂದರೆ ಅದರ ಮೂಲಸಂಕೇತ ಸಿಗಲಿಲ್ಲ. ಅದನ್ನು ಹೊಂದಿದ್ದ ಇನ್ನೊಂದು ವಿಶ್ವವಿದ್ಯಾಲಯದ ಸಂಶೋಧಕರು, ಯಾರಿಗೂ ಕೊಡುವುದಿಲ್ಲವೆಂದು ಮಾತುಕೊಟ್ಟಿದ್ದೇನೆ ಎಂದುಬಿಟ್ಟರು. ಆ ನಿರಾಕರಣೆ ತಮ್ಮನ್ನು ಎಷ್ಟು ಕಲಕಿತೆಂದು ಸ್ಟಾಲ್‌ಮನ್ ಹಲವು ಭಾಷಣಗಳಲ್ಲಿ ಹೇಳಿದ್ದಾರೆ. 1983ರಲ್ಲಿ ಅವರು ಗ್ನೂ ಯೋಜನೆಯನ್ನು ಪ್ರಕಟಿಸಿದರು. ಇಂದು ನಮ್ಮ ಲ್ಯಾಬುಗಳಲ್ಲಿ ಓಡುವ ಉಬುಂಟು ಆ ಯೋಜನೆಯ ಮತ್ತು 1991ರಲ್ಲಿ ಹುಟ್ಟಿದ ಲಿನಕ್ಸ್ ಕರ್ನಲ್‌ನ ಫಲ. ಅಂದು ಪ್ರಿಂಟರ್, ಇಂದು ಸ್ಕ್ಯಾನರ್. ನಲವತ್ತು ವರ್ಷಗಳ ನಂತರ, ಆ ಸಿಟ್ಟಿನಿಂದಲೇ ಹುಟ್ಟಿದ ವ್ಯವಸ್ಥೆಯ ಮೇಲೆ, ಅದೇ ಬೀಗ ಮತ್ತೆ ಬಂದು ಕುಳಿತಿದೆ.

ಎದುರು ವಾದಗಳು ಇವೆ. ಕೆಲವು ಗಟ್ಟಿಯಾಗಿಯೇ ಇವೆ, ಜಾರಿಕೊಳ್ಳುವುದು ಸರಿಯಲ್ಲ.

ಮೊದಲನೆಯದು: 'ಲಿನಕ್ಸ್ ಎಂಬುದು ಒಂದೇ ವಸ್ತುವಲ್ಲ, ನೂರಾರು ವಿತರಣೆಗಳು. ನೀವೇ ಲೈಬ್ರರಿಗಳನ್ನು ಎರಡು ವರ್ಷಕ್ಕೊಮ್ಮೆ ಬದಲಿಸುತ್ತೀರಿ. ಕಂಪನಿ ಎಷ್ಟಕ್ಕೆಂದು ಹೊಂದಿಸಬೇಕು? ಏನೋ ಒಂದು ಕೊಟ್ಟಿದ್ದಾರಲ್ಲ, ಸುಮ್ಮನೆ ತಗೊಳ್ಳಿ.' ಇದರಲ್ಲಿ ಅರ್ಧ ಸತ್ಯವಿದೆ. ಲಿನಕ್ಸ್ ಕರ್ನಲ್ ಹಳೆಯ ತಂತ್ರಾಂಶಗಳನ್ನು ಕೆಡಿಸಬಾರದೆಂದು ಪಟ್ಟು ಹಿಡಿದು ಕುಳಿತಿದೆ. ಅದರ ಮೇಲಿನ ಲೈಬ್ರರಿಗಳ ಲೋಕದಲ್ಲಿ ಆ ಶಿಸ್ತು ಎಲ್ಲರಿಗೂ ಇಲ್ಲ. 2022ರ ಏಪ್ರಿಲ್‌ನಲ್ಲಿ ಬಂದ ಉಬುಂಟು 22.04ರಲ್ಲಿ ಓಪನ್‌ಎಸ್‌ಎಸ್‌ಎಲ್‌ನ 3ನೇ ಆವೃತ್ತಿ ಮಾತ್ರ ಇತ್ತು. 1.1 ಬೇಕೆನ್ನುತ್ತಿದ್ದ ತಂತ್ರಾಂಶಗಳು ಅಂದೇ ಮುಗ್ಗರಿಸಿದವು. ಜನ ಹಳೆಯ ಭಂಡಾರಗಳಿಂದ ಹಳೆಯ ಪೊಟ್ಟಣ ತಂದು ಹಾಕಿಕೊಂಡರು. ಇನ್ನು ಕೆಲವರು ಹೊಸ ಲೈಬ್ರರಿಗೆ ಹಳೆಯದರ ಹೆಸರಿಟ್ಟು ಕೊಂಡಿ ಹಾಕುವ ಚಾಳಿಯವರು. ಬೇರೆಯವರ ಹಾಲ್‌ಟಿಕೆಟ್ ಹಿಡಿದು ಪರೀಕ್ಷೆಗೆ ಕೂತ ಹಾಗೆ, ಒಮ್ಮೊಮ್ಮೆ ನಡೆದುಹೋಗುತ್ತದೆ, ಸಿಕ್ಕಿಬಿದ್ದಾಗ ಪಜೀತಿ. ನಮ್ಮ ಕಡೆಯವರ ಈ ತಪ್ಪನ್ನು ನಾನು ಒಪ್ಪುತ್ತೇನೆ.

ಆದರೆ ಅದೇ ದಿನ, ಅದೇ ಬದಲಾವಣೆಯನ್ನು, ಉಬುಂಟುವಿನ ಸಾವಿರಾರು ಮುಕ್ತ ಪೊಟ್ಟಣಗಳು ದಾಟಿ ಬಂದದ್ದು ಹೇಗೆ? ಮೂಲಸಂಕೇತ ಕೈಯಲ್ಲಿತ್ತು. ಯಾರೋ ತಿದ್ದಿದರು, ಮತ್ತೆ ಕಟ್ಟಿದರು, ಹಂಚಿದರು. ಬರೆದವರು ಬಿಟ್ಟುಹೋದ ತಂತ್ರಾಂಶಗಳೂ ಹೀಗೆ ಬದುಕುತ್ತವೆ. ಬದಲಾವಣೆ ಎಲ್ಲರಿಗೂ ಕಷ್ಟ ಕೊಡುತ್ತದೆ, ಬೀಗ ಹಾಕಿಕೊಂಡವರಿಗೆ ಮಾತ್ರ ಅದು ಮರಣವಾಗುತ್ತದೆ. ಆ ಬೀಗವನ್ನು ಹಾಕಿದ್ದು ನಾವಲ್ಲ. ಇನ್ನು ಎರಡು ವಿತರಣೆಗಳಿಗೆ ಮಾತ್ರ ಬೆಂಬಲ ಕೊಡುತ್ತೇವೆಂದು ಕಂಪನಿ ಹೇಳಿದರೆ ನನ್ನ ತಕರಾರಿಲ್ಲ. ಉಳಿದವುಗಳಿಗೆ ನಾವೇ ಹೊಂದಿಸಿಕೊಳ್ಳಲು ಅಡ್ಡ ಬರಬೇಡಿ ಎಂದಷ್ಟೇ ಕೇಳುತ್ತೇನೆ.

ಎರಡನೆಯ ವಾದ: 'ಈಗ ಫ್ಲಾಟ್‌ಪ್ಯಾಕ್, ಸ್ನ್ಯಾಪ್, ಆಪ್‌ಇಮೇಜ್ ಬಂದಿವೆ. ತಂತ್ರಾಂಶ ತನಗೆ ಬೇಕಾದದ್ದನ್ನೆಲ್ಲ ಬುತ್ತಿ ಕಟ್ಟಿಕೊಂಡೇ ಬರುತ್ತದೆ. ದಾರಿ ತಪ್ಪುವ ಮಾತೇ ಇಲ್ಲ.' ಬುತ್ತಿ ಒಳ್ಳೆಯದೇ, ನಾನೂ ಬಳಸುತ್ತೇನೆ. ಆದರೆ ಬುತ್ತಿಯ ಅನ್ನ ಹಳಸುತ್ತದೆ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಬಯಲಾಯಿತು. ಸರ್ವರಿನ ನೆನಪಿನಲ್ಲಿರುವ ಗುಟ್ಟುಗಳನ್ನು ಹೊರಗಿನವರು ಕದ್ದು ಓದಬಹುದಾದ ದೋಷ. ವಿತರಣೆಗಳು ಒಂದು ಲೈಬ್ರರಿ ತಿದ್ದಿದವು, ಅದನ್ನು ಎರವಲು ಪಡೆದಿದ್ದ ಎಲ್ಲ ತಂತ್ರಾಂಶಗಳೂ ಮತ್ತೆ ಶುರುವಾದೊಡನೆ ಸುರಕ್ಷಿತವಾದವು. ತಮ್ಮದೇ ಪ್ರತಿಯನ್ನು ಒಳಗೆ ತುಂಬಿಕೊಂಡಿದ್ದವು ಮಾತ್ರ ತಂತಮ್ಮ ಕಂಪನಿ ಕಣ್ಣು ತೆರೆಯುವವರೆಗೂ ಕಾಯಬೇಕಾಯಿತು. ಮೇಡಂ ಅವರ ಸ್ಕ್ಯಾನರ್ ಫೋಲ್ಡರಿನಲ್ಲಿದ್ದ ಹನ್ನೊಂದು ಕಡತಗಳಲ್ಲಿ ಯಾವುದರಲ್ಲಿ ಯಾವ ಹಳೆಯ ದೋಷ ಮಲಗಿದೆಯೋ, ಪಟ್ಟಿ ಕೊಡದ ಮೇಲೆ ತಿಳಿಯುವುದು ಹೇಗೆ?

ಮೂರನೆಯದು ಕಾನೂನಿನ ಮಾತು: 'ಲೈಸೆನ್ಸಿಗೆ ಒಪ್ಪಿಗೆ ಒತ್ತಿದ್ದೀರಿ, ಮುಟ್ಟಬಾರದು.' ನಾನು ವಕೀಲನಲ್ಲ, ಆದರೆ ಓದಲು ಬರುತ್ತದೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಯಾವುದು ಉಲ್ಲಂಘನೆಯಲ್ಲ ಎಂದು ಪಟ್ಟಿ ಮಾಡುತ್ತದೆ. ಕಾನೂನುಬದ್ಧವಾಗಿ ಪ್ರತಿ ಹೊಂದಿರುವವನು, ಆ ತಂತ್ರಾಂಶ ಯಾವ ಉದ್ದೇಶಕ್ಕೆ ಕೊಡಲಾಗಿದೆಯೋ ಆ ಉದ್ದೇಶಕ್ಕೆ ಬಳಸಿಕೊಳ್ಳಲು ಅದನ್ನು ಅಳವಡಿಸಿಕೊಳ್ಳುವುದು ಆ ಪಟ್ಟಿಯಲ್ಲಿದೆ. ಸ್ಕ್ಯಾನ್ ಮಾಡಲೆಂದು ಕೊಂಡ ತಂತ್ರಾಂಶ ಸ್ಕ್ಯಾನ್ ಮಾಡುವಂತೆ ಒಂದು ವಿಳಾಸ ತಿದ್ದಿದ್ದು ಇದಕ್ಕಿಂತ ಬೇರೆಯೇನಲ್ಲ ಎಂದು ನನ್ನ ತಿಳಿವಳಿಕೆ.

ಇನ್ನೊಂದು ಸ್ವಾರಸ್ಯವೂ ಇದೆ. ಆ ಫೋಲ್ಡರಿನಲ್ಲಿ ಕಂಪನಿ ತುಂಬಿದ್ದ ಲೈಬ್ರರಿಗಳಲ್ಲಿ ಕೆಲವು ಮುಕ್ತ ತಂತ್ರಾಂಶದವರು ಬರೆದು ಎಲ್‌ಜಿಪಿಎಲ್ ಎಂಬ ಲೈಸೆನ್ಸಿನಲ್ಲಿ ಹಂಚಿದ್ದವು. 1991ರಲ್ಲಿ ಹುಟ್ಟಿದಾಗ ಅದರ ಹೆಸರೇ ಲೈಬ್ರರಿ ಜಿಪಿಎಲ್ ಎಂದಿತ್ತು. ಮುಚ್ಚಿದ ತಂತ್ರಾಂಶಗಳೂ ಈ ಲೈಬ್ರರಿಗಳನ್ನು ಬಳಸಬಹುದೆಂಬ ದೊಡ್ಡ ಮನಸ್ಸು ಅದರದು. ಬದಲಿಗೆ ಅದು ಕೇಳುವುದು ಸ್ವಲ್ಪವೇ: ಬಳಕೆದಾರ ಆ ಲೈಬ್ರರಿಯನ್ನು ತಿದ್ದಿ ತನ್ನ ಪ್ರತಿಯನ್ನು ಹಾಕಿಕೊಳ್ಳಲು ಅವಕಾಶವಿರಬೇಕು, ಅದಕ್ಕಾಗಿ ತನ್ನ ಸ್ವಂತ ಬಳಕೆಗೆ ಇಡೀ ತಂತ್ರಾಂಶವನ್ನು ಮಾರ್ಪಡಿಸುವುದನ್ನು, ಆ ಮಾರ್ಪಾಟಿನ ದೋಷ ಹುಡುಕಲು ಬಿಡಿಸಿ ನೋಡುವುದನ್ನು ಕಂಪನಿಯ ಲೈಸೆನ್ಸ್ ತಡೆಯಬಾರದು. ನಮ್ಮ ಮನೆಯ ಅಕ್ಕಿಯನ್ನು ಪುಕ್ಕಟೆ ಒಯ್ದವರು ಪಾತ್ರೆಯ ಮುಚ್ಚಳ ಮುಟ್ಟಬೇಡಿ ಎಂದು ನಮಗೇ ಬೋರ್ಡು ಹಾಕಿದ್ದರು.

ಈ ಪತ್ರಿಕೆಯ ಓದುಗರಿಗೆ ಇದು ಪರಿಚಯವಿಲ್ಲದ ರೋಗವಲ್ಲ. ಯೂನಿಕೋಡ್ ಬರುವ ಮುನ್ನಿನ ಫಾಂಟುಗಳಲ್ಲಿ ಟೈಪಾದ ಕನ್ನಡದ ಕಡತವನ್ನು ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದು ನೋಡಿದವರು ನಮ್ಮಲ್ಲಿ ಎಷ್ಟು ಮಂದಿ! ಕಥೆಯಿದ್ದ ಜಾಗದಲ್ಲಿ ರೋಮನ್ ಅಕ್ಷರ, ಚಿಹ್ನೆಗಳ ಕಸ. ಕಥೆ ಹಾಗೇ ಇದೆ, ಅದಕ್ಕೆ ಹೋಗುವ ದಾರಿ ಇನ್ನೊಂದು ತಂತ್ರಾಂಶದ ಕೈಯಲ್ಲಿದೆ. ನಮ್ಮ ಅದೃಷ್ಟಕ್ಕೆ ಆ ಸಂಕೇತಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳನ್ನು ಕೆಲವರು ಬರೆದರು, ಬರೆದದ್ದನ್ನು ಹಂಚಿದರು. ಹಂಚಿದ್ದರಿಂದಲೇ ಎಷ್ಟೋ ಕಥೆ, ಕವಿತೆ, ಪ್ರಬಂಧಗಳು ಹಳೆಯ ಡಿಸ್ಕುಗಳಿಂದ ಎದ್ದುಬಂದವು. ಹಂಚಲಾಗದ ರಿಪೇರಿಯ ಬೆಲೆ ಏನೆಂದು ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈಗ ನನ್ನ ಜೊತೆಯವರಿಗೊಂದು ಮಾತು, ನನ್ನನ್ನೂ ಸೇರಿಸಿಯೇ. ಇಂಥ ತೊಡಕು ಬಿಡಿಸುವುದರಲ್ಲಿ ನಮಗೊಂದು ಮಜಾ ಇದೆ. ನಾಲ್ಕು ಕಮಾಂಡು ಹೊಡೆದು ಯಾರದೋ ಯಂತ್ರ ಎಬ್ಬಿಸಿದರೆ ಜಾತ್ರೆಯಲ್ಲಿ ಕುಸ್ತಿ ಗೆದ್ದಷ್ಟು ಸಂತೋಷ. ಆ ಸಂತೋಷದಲ್ಲಿ, ಈ ಕೆಲಸ ನಾವು ಮಾಡಬೇಕಾದದ್ದೇ ಅಲ್ಲ ಎಂಬುದನ್ನು ಮರೆಯುತ್ತೇವೆ. ಕಂಪನಿಗೆ ಪತ್ರ ಬರೆಯುವುದಿಲ್ಲ. ಕೊಂಡವರಿಗೆ ಹಣ ವಾಪಸು ಕೇಳಿ ಎನ್ನುವುದಿಲ್ಲ. ನಮ್ಮ ಜಾಣ್ಮೆಯಿಂದ ಅವರ ಪೆಟ್ಟಿಗೆಯ ಮೇಲಿನ ಸುಳ್ಳನ್ನು ನಿಜ ಮಾಡಿಕೊಡುತ್ತೇವೆ. 'ಲಿನಕ್ಸ್‌ನಲ್ಲೂ ನಡೆಯುತ್ತದೆ' ಎಂಬ ಸಾಲಿನ ಹಿಂದೆ ನನ್ನ ಎರಡು ರಾತ್ರಿಗಳಿವೆ. ಅವನ್ನು ಕಂಪನಿ ತನ್ನ ಲೆಕ್ಕಕ್ಕೆ ಬರೆದುಕೊಂಡಿತು.

ಹಾಗಾದರೆ ಏನು ಕೇಳಬೇಕು? ಮೂಲಸಂಕೇತವನ್ನೇ ಕೊಡಿ ಎಂಬುದು ನನ್ನ ಮನದಾಸೆ, ಅದನ್ನು ಮುಚ್ಚಿಡುವುದಿಲ್ಲ. ಅಷ್ಟಾಗದಿದ್ದರೆ ಕನಿಷ್ಠ ಮೂರು. ತಂತ್ರಾಂಶಕ್ಕೆ ಬೇಕಾದ ಲೈಬ್ರರಿಗಳು ಯಾವುವು, ಒಳಗೆ ತುಂಬಿರುವುದು ಯಾವ ಆವೃತ್ತಿ ಎಂಬ ಪಟ್ಟಿ ಪೆಟ್ಟಿಗೆಯ ಜೊತೆಗೇ ಇರಬೇಕು. ಕೊಂಡವರು ತಮ್ಮ ವ್ಯವಸ್ಥೆಗೆ ಹೊಂದಿಸಿದ ಪ್ರತಿಯನ್ನು ಅದೇ ಯಂತ್ರ ಕೊಂಡ ಇನ್ನೊಬ್ಬರಿಗೆ ಕೊಡಲು ಲೈಸೆನ್ಸಿನಲ್ಲಿ ಸ್ಪಷ್ಟ ಅನುಮತಿ ಇರಬೇಕು. ಇದರಿಂದ ಕಂಪನಿಗೆ ಒಂದು ಪೈಸೆ ನಷ್ಟವಿಲ್ಲ, ಆ ತಂತ್ರಾಂಶ ಅವರದೇ ಸ್ಕ್ಯಾನರ್ ಇಲ್ಲದೆ ಯಾವ ಉಪಯೋಗಕ್ಕೂ ಬಾರದು. ಬೆಂಬಲ ನಿಲ್ಲಿಸಿದ ದಿನ, ಯಂತ್ರದ ಜೊತೆ ಮಾತಾಡುವ ಬಗೆಯನ್ನು ಬಹಿರಂಗಪಡಿಸಬೇಕು. ಹಾಗೆ ಮಾಡಿದರೆ ಸ್ಕ್ಯಾನರುಗಳಿಗೆ ಮುಕ್ತ ಚಾಲಕಗಳನ್ನು ಬರೆಯುತ್ತಾ ಬಂದಿರುವ ಸೇನ್ ಯೋಜನೆಯಂಥವರು ಮುಂದಿನದನ್ನು ನೋಡಿಕೊಳ್ಳುತ್ತಾರೆ.

ಇವನ್ನು ಕೇಳುವ ಶಕ್ತಿ ನನ್ನಂಥ ಒಬ್ಬನಿಗಿಲ್ಲ. ಸರ್ಕಾರಿ ಹಣದಲ್ಲಿ ಕೊಳ್ಳುವ ಕಾಲೇಜು, ಗ್ರಂಥಾಲಯ, ಕಚೇರಿಗಳಿಗೆ ಇದೆ. ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂದು ಕೇಂದ್ರ ಸರ್ಕಾರ 2015ರಲ್ಲೇ ನೀತಿ ಹೊರಡಿಸಿದೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಮುಕ್ತ ತಂತ್ರಾಂಶದಲ್ಲೇ ಪಾಠ ಮಾಡುತ್ತಿವೆ. ಕೊಳ್ಳುವವರು ಕೇಳಿದರೆ ಮಾರುವವರು ಕೊಡುತ್ತಾರೆ. ಕೇಳದಿದ್ದರೆ ಯಾರದೋ ಹೋಮ್ ಫೋಲ್ಡರಿನ ವಿಳಾಸ ಕಳಿಸುತ್ತಾರೆ.

ಮೇಡಂ ಮತ್ತು ಅವರ ವಿದ್ಯಾರ್ಥಿಗಳು ಉಳಿದ ಒಂಬತ್ತು ದಿನ ಪಾಳಿ ಹಾಕಿ ಕೂತರು. ಹದಿನಾಲ್ಕು ಬೈಂಡುಗಳಲ್ಲಿ ಹನ್ನೊಂದು ಮುಗಿದವು. ಹದಿನೈದನೆಯ ದಿನ ಮಾತು ಕೊಟ್ಟಂತೆ ಎಲ್ಲವನ್ನೂ ಮರಳಿಸಿದರು. ಉಳಿದ ಮೂರನ್ನು ಮತ್ತೆ ಕೇಳಬೇಕು, ಕೊಡುತ್ತಾರೋ ಇಲ್ಲವೋ. ಕಳೆದುಹೋದ ಆ ಎರಡು ದಿನ ಸಿಕ್ಕಿದ್ದರೆ ಎರಡಾದರೂ ಮುಗಿಯುತ್ತಿದ್ದವು ಎಂದು ಅವರು ಲೆಕ್ಕ ಹೇಳಿದರು. ಪಕ್ಕದ ತಾಲೂಕಿನ ಕಾಲೇಜಿಗೆ ನಾನು ಪೆನ್‌ಡ್ರೈವ್ ಕಳಿಸಲಿಲ್ಲ, ಎರಡು ಪುಟದಲ್ಲಿ ವಿಧಾನ ಬರೆದು ಕಳಿಸಿದೆ. ಅವರಿಗೆ ಒಂದು ಇಡೀ ದಿನ ಹಿಡಿಯಿತಂತೆ.

ಹೋದ ತಿಂಗಳು ಮೇಡಂ ಮತ್ತೆ ಫೋನ್ ಮಾಡಿದರು. ಕಾಲೇಜಿನ ಖರೀದಿ ಸಮಿತಿಗೆ ಅವರನ್ನು ಹಾಕಿದ್ದಾರೆ. "ಕೊಟೇಶನ್ ಕರೆಯೋ ಪತ್ರದಲ್ಲಿ ಸೇರಿಸೋಕೆ ಒಂದು ವಾಕ್ಯ ಬರ್ಕೊಡಪ್ಪಾ, ಕನ್ನಡದಲ್ಲಿ. ತಿದ್ದೋದು ನನಗೆ ಬಿಡು" ಎಂದರು. ಬರೆದುಕೊಟ್ಟೆ. ಅವರು ಎರಡು ಪದ ಹೊಡೆದುಹಾಕಿ ಒಂದು ಸೇರಿಸಿದರು. ಈಗ ಅದು ಹೀಗಿದೆ: 'ಸರಬರಾಜುದಾರರು ಯಂತ್ರವನ್ನು ಕಾಲೇಜಿನ ಲ್ಯಾಬಿನ ಕಂಪ್ಯೂಟರಿನಲ್ಲೇ ನಡೆಸಿ ತೋರಿಸತಕ್ಕದ್ದು, ಮತ್ತು ಅದರ ತಂತ್ರಾಂಶಕ್ಕೆ ಕಾಲೇಜು ಮಾಡಿಕೊಳ್ಳುವ ದುರಸ್ತಿಯನ್ನು ಇತರ ಕಾಲೇಜುಗಳೊಂದಿಗೆ ಹಂಚಿಕೊಳ್ಳಲು ಲಿಖಿತ ಒಪ್ಪಿಗೆ ನೀಡತಕ್ಕದ್ದು.'

ನಿಮ್ಮ ಕಾಲೇಜಿನಲ್ಲೂ ಖರೀದಿ ಸಮಿತಿ ಇರುತ್ತದೆ. ಆ ವಾಕ್ಯವನ್ನು ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು.